ಅರಿಷಿಣದ ಬಣ್ಣ, ಗಿರಾಕಿಯ ಕಣ್ಣು



ಹೋದ ಸಂಚಿಕೆಯಲ್ಲಿ ಬೆಲ್ಲದ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದನ್ನು ಓದಿ ಅಕ್ಕಲಕೋಟೆ ಕಡೆಯ ಸಹೋದರಿಯೊಬ್ಬರು ಕಾಗದ ಹಾಕಿದ್ದಾರೆ. ಅವರು ಕೇಳಿದ್ದು ಬೆಲ್ಲದ ಮಾತಲ್ಲ, ಅರಿಷಿಣದ ಮಾತು. "ಅಣ್ಣಾರ, ಮಗಳ ಲಗ್ನದಾಗ ಅರಿಷಿಣ ಹಚ್ಚೂ ಮುಂದ ನನ್ನ ಹೊಸಾ ಬಿಳಿ ಸೀರಿ ಸೆರಗಿಗೆ ಅರಿಷಿಣ ಆತು. ಸಾಬಾಣ ಹಚ್ಚಿ ತಿಕ್ಕಿದ್ರ ಹಳದಿ ಹೋಗಿ ಕೆಂಪಗ ಆತು. ನಮ್ಮ ಅತ್ತಿಯವರು ಅಪಶಕುನ ಅಂತ ಅಂಜ್ಯಾರ. ನೀವು ಕಿರಾಣಿ ಅಂಗಡಿಯವರು, ಇದಕ್ಕ ಏನಂತೀರಿ?" ಎಂದು ಕೇಳಿದ್ದಾರೆ.

ತಂಗಿ, ಇದರಲ್ಲಿ ಅಪಶಕುನ ಏನೂ ಇಲ್ಲ. ಅರಿಷಿಣಕ್ಕೆ ಕ್ಷಾರ ತಾಗಿದರೆ ಕೆಂಪಾಗುವುದು ಅದರ ಸ್ವಭಾವ. ಸಾಬಾಣದಲ್ಲಿ ಕ್ಷಾರವಿದೆ, ಸುಣ್ಣದಲ್ಲಿಯೂ ಇದೆ. ಆರತಿಯ ತಟ್ಟೆಯಲ್ಲಿ ಅರಿಷಿಣದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕೆಂಪು ಓಕುಳಿ ಮಾಡುವುದು ನಿಮ್ಮ ಅತ್ತಿಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಿಂದಿನವರು ಮನೆಯಲ್ಲಿ ಕುಂಕುಮ ಮಾಡಿಕೊಳ್ಳುತ್ತಿದ್ದುದೂ ಅರಿಷಿಣದಿಂದಲೇ. ಸೆರಗನ್ನು ತಣ್ಣೀರಿನಲ್ಲಿ ಚೆನ್ನಾಗಿ ಜಾಲಿಸಿ ಸಾಬಾಣದ ಅಂಶ ಕಳೆಯಿರಿ, ಕೆಂಪು ಮತ್ತೆ ಹಳದಿಗೆ ತಿರುಗುತ್ತದೆ. ಆಮೇಲೆ ಎರಡು-ಮೂರು ದಿನ ಕಡು ಬಿಸಿಲಿಗೆ ಹರವಿರಿ. ಕಲೆ ತಾನಾಗಿಯೇ ಮಾಸುತ್ತದೆ.

ಕ್ಷಾರಕ್ಕೆ ಕೆಂಪಾಗುವುದು, ಬಿಸಿಲಿಗೆ ಮಾಸುವುದು, ಇವೆರಡೂ ಅರಿಷಿಣದ ಹುಟ್ಟುಗುಣ. ಎರಡನೆಯದನ್ನು ವಾಚಕರು ನೆನಪಿನಲ್ಲಿಡಬೇಕು. ಈ ಲೇಖನದ ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುವುದಿದೆ, ಆಗ ಅದು ಬೇಕಾಗುತ್ತದೆ.

ಒಂದು ಬಣ್ಣ, ನೂರು ಮಂಗಲ

ಎಷ್ಟೋ ಬಣ್ಣಗಳ ಹೆಸರು ನಮ್ಮ ಡಬ್ಬಿಗಳಿಂದಲೇ ಬಂದಿವೆ. ಕೇಸರಿ ಎಂದರೆ ಬಣ್ಣವೂ ಹೌದು, ವಸ್ತುವೂ ಹೌದು. ಹಳದಿ ಎಂಬ ಮಾತೂ ಹಾಗೆಯೇ. ಸಂಸ್ಕೃತದ ಹರಿದ್ರಾ ಎಂದರೆ ಅರಿಷಿಣ, ಅದೇ ಸವೆದು ಹಳದಿಯಾಯಿತು. ಮರಾಠಿಯಲ್ಲಿ ಹಳದ ಎಂದರೆ ಅರಿಷಿಣವೇ. ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ಬಣ್ಣಕ್ಕೂ ಅರಿಷಿಣಕ್ಕೂ ಒಂದೇ ಮಾತು. ಅಂದರೆ ನಮ್ಮ ಜನ ಈ ಬಣ್ಣವನ್ನು ಆಕಾಶದಲ್ಲಿ ನೋಡಿ ಕಲಿಯಲಿಲ್ಲ, ಅಡುಗೆಮನೆಯಲ್ಲಿ ನೋಡಿ ಕಲಿತರು.

ಗಡಿಯ ಆಚೆ-ಈಚೆ ಭಾಷೆ ಬದಲಾಗುತ್ತದೆ, ಅರಿಷಿಣದ ಮಾನ ಬದಲಾಗುವುದಿಲ್ಲ. ನಮ್ಮ ಜತ್ತ ಕಡೆ ಸಂಕ್ರಾಂತಿಗೆ ಮುತ್ತೈದೆಯರು ಮನೆಮನೆಗೆ ಅರಿಷಿಣ-ಕುಂಕುಮಕ್ಕೆ ಹೋಗುತ್ತಾರೆ. ಜೇಜುರಿಯ ಖಂಡೋಬಾ, ಪಟ್ಟಣಕೊಡೋಲಿಯ ಬಿರೋಬಾ, ಚಿಂಚಲಿಯ ಮಾಯಕ್ಕ, ಈ ಜಾತ್ರೆಗಳಲ್ಲಿ ಭಂಡಾರ ಹಾರಿಸಿದಾಗ ನೆಲ, ಗುಡಿ, ಮನುಷ್ಯರ ತಲೆ ಎಲ್ಲ ಹಳದಿ. ತಾಳವಾಡಿ, ನೀಲಗಿರಿಯ ಬಂಧುಗಳು ಪೊಂಗಲ್ ದಿನ ಗಡಿಗೆಯ ಕೊರಳಿಗೆ ಎಲೆಸಹಿತ ಹಸಿ ಅರಿಷಿಣದ ಗಿಡ ಕಟ್ಟುವುದನ್ನು ನೋಡಿರುತ್ತಾರೆ. ಆದೋನಿ, ರಾಯದುರ್ಗದ ಕಡೆ ಹೊಸ್ತಿಲಿಗೆ ಪಸುಪು ಬಳಿಯದೆ ಹಬ್ಬವಿಲ್ಲ. ಕಾಸರಗೋಡಿನವರಿಗೆ ತೆಯ್ಯಂ ಕೊಡುವ ಪ್ರಸಾದವೇ ಅರಿಷಿಣದ ಪುಡಿ.

ನಮ್ಮ ಸಮಾಜದಲ್ಲಿ ಇದರ ನಡಾವಳಿ ಸ್ವಲ್ಪ ಬೇರೆ. ಕಂದಮೂಲ ಬಿಟ್ಟವರು ಹಸಿ ಅರಿಷಿಣ, ಹಸಿಶುಂಠಿ ಮುಟ್ಟುವುದಿಲ್ಲ. ಅವರ ಮನೆಗಳಲ್ಲಿಯೂ ಒಣಗಿದ ಅರಿಷಿಣ ಮತ್ತು ಒಣಶುಂಠಿ ನಡೆಯುತ್ತವೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ 2018ರಲ್ಲಿ ಹೋದವರು ಹಾಲು, ಎಳನೀರು, ಕಬ್ಬಿನ ಹಾಲಿನ ಜೊತೆಗೆ ಅರಿಷಿಣದ ಅಭಿಷೇಕವನ್ನೂ ಕಂಡಿರಬೇಕು. ಬಾಹುಬಲಿಯ ಕಲ್ಲು ಮೈ ಒಂದು ಗಳಿಗೆ ಬಂಗಾರವಾಗಿ ನಿಲ್ಲುವುದನ್ನು ಕಂಡವರಿಗೆ ಬೇರೆ ವರ್ಣನೆ ಬೇಡ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಕಾಲಕ್ಕೆ, 1974ರಲ್ಲಿ, ಎಲ್ಲ ಪಂಥದವರೂ ಒಪ್ಪಿದ ಐದು ಬಣ್ಣದ ಧ್ವಜದಲ್ಲಿ ಹಳದಿ ಪಟ್ಟಿ ಆಚಾರ್ಯ ಪರಮೇಷ್ಠಿಗಳ ಗುರುತು. ಇನ್ನು ನಾವು ವ್ಯಾಪಾರಿಗಳು ದೀಪಾವಳಿಗೆ ಹೊಸ ಖಾತೆ-ಕಿರ್ದಿ ತೆಗೆದಾಗ ಮೊದಲ ಪುಟಕ್ಕೆ ಅರಿಷಿಣ-ಕುಂಕುಮ ಹಚ್ಚದೆ ಒಂದು ಅಂಕಿಯನ್ನೂ ಬರೆಯುವುದಿಲ್ಲ.

ಮಣ್ಣಿನಿಂದ ಅಂಗಡಿಗೆ

ಈ ಬಣ್ಣ ಎಲ್ಲಿಂದ ಬರುತ್ತದೆ ಎಂಬುದನ್ನು ಪೇಟೆಯ ಮಕ್ಕಳು ನೋಡಿರುವುದಿಲ್ಲ, ಅದಕ್ಕೆ ಸ್ವಲ್ಪ ಬರೆಯುತ್ತೇನೆ. ಬೇಸಿಗೆಯ ಕೊನೆಗೆ ನೆಟ್ಟ ಅರಿಷಿಣ ಎಂಟು-ಒಂಬತ್ತು ತಿಂಗಳಿಗೆ ಕೀಳಲು ಬರುತ್ತದೆ. ಕಿತ್ತ ಗಡ್ಡೆಯನ್ನು ಹಾಗೆಯೇ ಒಣಗಿಸುವುದಿಲ್ಲ, ಮೊದಲು ಕುದಿಸುತ್ತಾರೆ. ಕುದಿಸಿದಾಗ ಬಣ್ಣ ಒಳಗೆಲ್ಲ ಸಮನಾಗಿ ಹರಡುತ್ತದೆ, ಒಣಗುವುದೂ ಬೇಗ. ಆಮೇಲೆ ಹತ್ತು-ಹದಿನೈದು ದಿನ ಬಿಸಿಲು. ನೂರು ಕಿಲೋ ಹಸಿ ಗಡ್ಡೆ ಒಣಗಿ ಸುಮಾರು ಇಪ್ಪತ್ತು ಕಿಲೋಕ್ಕೆ ಇಳಿಯುತ್ತದೆ. ಒಣಗಿದ ಕೊಂಬಿನ ಮೈ ಒರಟು, ಬಣ್ಣ ಬೂದು-ಕಂದು. ಅದನ್ನು ಡ್ರಮ್ಮಿನಲ್ಲಿ ಹಾಕಿ ತಿರುಗಿಸಿ ಸಿಪ್ಪೆ ಉಜ್ಜಿ ತೆಗೆಯುತ್ತಾರೆ. ಇದಕ್ಕೆ ಪಾಲಿಶ್ ಎನ್ನುತ್ತಾರೆ. ಪಾಲಿಶ್ ಎಂಬ ಈ ಮಾತನ್ನೂ ನೆನಪಿಡಿರಿ.

ನಮ್ಮ ಭಾಗಕ್ಕೆ ದೊಡ್ಡ ಪೇಟೆ ಸಾಂಗಲಿ. ಕೃಷ್ಣೆಯ ದಂಡೆಯ ಮಾಲು ಮಾತ್ರವಲ್ಲ, ಬೆಳಗಾವಿ, ಬಾಗಲಕೋಟ ಜಿಲ್ಲೆಗಳ ಕನ್ನಡ ರೈತರ ಮಾಲೂ ಅಲ್ಲಿಗೇ ಬರುತ್ತದೆ. ಅಲ್ಲಿಯ ಅಡತಿ ಅಂಗಡಿಗಳಲ್ಲಿ ಮರಾಠಿ-ಕನ್ನಡ ಎರಡೂ ನಡೆಯುತ್ತವೆ. ಸಾಂಗಲಿ ಅರಿಷಿಣಕ್ಕೆ 2018ರಲ್ಲಿ ಭೌಗೋಲಿಕ ಗುರುತಿನ ಮಾನ್ಯತೆ ಸಿಕ್ಕಿತು. ಸಾಂಗಲಿಯ ಹತ್ತಿರ ಹರಿಪುರದಲ್ಲಿ ನೆಲದೊಳಗೆ ಹಗೇವು ತೋಡಿ ಅರಿಷಿಣ ಇಡುವ ಪದ್ಧತಿ ಇತ್ತು, ಮರಾಠಿಯವರು ಪೇವ ಎನ್ನುತ್ತಾರೆ. ಹುಳ ಬೀಳದೆ, ಬಣ್ಣ ಕೆಡದೆ ವರ್ಷಗಟ್ಟಲೆ ಉಳಿಯುತ್ತಿತ್ತು. 2005ರ ಮಹಾಪೂರದಲ್ಲಿ ಅವುಗಳಲ್ಲಿ ಬಹಳಷ್ಟು ಹಾಳಾದವು. ದಕ್ಷಿಣದ ಬಂಧುಗಳಿಗೆ ಈರೋಡ್, ತೆಲಂಗಾಣದವರಿಗೆ ನಿಜಾಮಾಬಾದ್ ಪೇಟೆ. ರಾಷ್ಟ್ರೀಯ ಅರಿಷಿಣ ಮಂಡಳಿ 2025ರ ಜನವರಿಯಲ್ಲಿ ಆರಂಭವಾದುದು ನಿಜಾಮಾಬಾದಿನಲ್ಲಿಯೇ.

ಅರಿಷಿಣದ ಬಣ್ಣಕ್ಕೆ ಕಾರಣವಾದ ದ್ರವ್ಯ ಕರ್ಕ್ಯುಮಿನ್. ಯುರೋಪಿನ ರಸಾಯನಶಾಸ್ತ್ರಜ್ಞರು 1815ರಲ್ಲಿ ಅದನ್ನು ಬೇರ್ಪಡಿಸಿದರು, ಅದರ ರಚನೆ 1910ರಲ್ಲಿ ಗೊತ್ತಾಯಿತು. ಸಾಧಾರಣ ಒಣ ಅರಿಷಿಣದಲ್ಲಿ ಅದರ ಪ್ರಮಾಣ ನೂರಕ್ಕೆ ಎರಡರಿಂದ ಐದರಷ್ಟು. ಮೇಘಾಲಯದ ಲಕಡೋಂಗ್ ಜಾತಿಯಲ್ಲಿ ಏಳರ ಆಸುಪಾಸು. ಅದು ಹೆಚ್ಚಿದ್ದರೆ ಬಣ್ಣ ಕಿತ್ತಳೆಯತ್ತ ವಾಲುತ್ತದೆ, ಕಡಿಮೆ ಇದ್ದರೆ ತಿಳಿ. ನೀರಿನಲ್ಲಿ ಅದು ಕರಗುವುದಿಲ್ಲವೆಂದೇ ಹೇಳಬಹುದು, ಎಣ್ಣೆಯಲ್ಲಿ ಕರಗುತ್ತದೆ. ಒಗ್ಗರಣೆಯ ಎಣ್ಣೆಗೆ ಅರಿಷಿಣ ಹಾಕಿದರೆ ಪಲ್ಯಕ್ಕೆಲ್ಲ ಬಣ್ಣ ಏರುತ್ತದೆ, ಕುದಿಯುವ ನೀರಿಗೆ ಹಾಕಿದರೆ ಅಷ್ಟು ಏರುವುದಿಲ್ಲ. ಕಾರಣ ಇದೇ.

ಕಣ್ಣು ಮಾಡುವ ವ್ಯಾಪಾರ

ಹಗಲು ಬೆಳಕಿನಲ್ಲಿ ಮನುಷ್ಯನ ಕಣ್ಣು ಹಸಿರು-ಹಳದಿಯ ಭಾಗಕ್ಕೆ ಎಲ್ಲಕ್ಕಿಂತ ಹೆಚ್ಚು ಚುರುಕು. ಅದಕ್ಕಾಗಿ ಹಳದಿ ವಸ್ತು ಬೇರೆ ಬಣ್ಣಗಳಿಗಿಂತ ಬೆಳಗಿದಂತೆ ಕಾಣುತ್ತದೆ. ಶಾಲೆಯ ಬಸ್ಸಿಗೆ ಹಳದಿ ಬಳಿಯುವುದು ಸುಮ್ಮನೆ ಅಲ್ಲ. ಬಿಸಿಲು, ಬಂಗಾರ, ಮಾಗಿದ ಹಣ್ಣು, ಮದುವೆಯ ಮನೆ, ಇಷ್ಟೂ ನೆನಪುಗಳು ಆ ಬಣ್ಣಕ್ಕೆ ಅಂಟಿಕೊಂಡಿವೆ. ಹಾಗಾಗಿ ಹಳದಿ ಕಂಡರೆ ನಮಗೆ ಒಳ್ಳೆಯದೇ ಕಂಡಂತೆ ಅನಿಸುತ್ತದೆ. ಇದು ಮನಸ್ಸಿನ ಗುಣ, ತಪ್ಪೇನಲ್ಲ.

ಆದರೆ ಅಂಗಡಿಯಲ್ಲಿ ಈ ಗುಣವೇ ಗಿರಾಕಿಯನ್ನು ಕೆಡಿಸುತ್ತದೆ. ಹೋದ ದೀಪಾವಳಿ ರಜೆಯಲ್ಲಿ ಮೊಮ್ಮಗಳು ಗಲ್ಲೆಯ ಪಕ್ಕ ಕೂತಿದ್ದಳು. ಎರಡು ತಾಟಿನಲ್ಲಿ ಅರಿಷಿಣದ ಪುಡಿ ಇಟ್ಟಿದ್ದೆವು, ಎರಡಕ್ಕೂ ಒಂದೇ ದರ. ಒಂದು ನಾವೇ ಬೀಸಿದ್ದು, ಸ್ವಲ್ಪ ಮಬ್ಬು. ಇನ್ನೊಂದು ಹೊರಗಿನಿಂದ ಬಂದ ನಮೂನೆ, ಝಗಝಗ. ಸಂಜೆಯವರೆಗೆ ಬಂದವರಲ್ಲಿ ಹೆಚ್ಚಿನವರ ಬೆರಳು ಝಗಝಗಿಸುವ ತಾಟಿನ ಕಡೆಗೇ ಹೋಯಿತು. ಮೂಸಿ ನೋಡಿದವರು ಇಬ್ಬರೇ, ಇಬ್ಬರೂ ವಯಸ್ಸಾದ ಹೆಣ್ಣುಮಕ್ಕಳು. "ಅಜ್ಜಾ, ಅರಿಷಿಣಾನ ಎಲ್ಲಾರೂ ಕಣ್ಣಿಲೆ ತಿಂತಾರೇನ?" ಎಂದು ಮೊಮ್ಮಗಳು ಕೇಳಿದಳು. ಆ ನಮೂನೆಯನ್ನು ನಾನು ಮಾರಲಿಲ್ಲ, ಯಾಕೆ ಎಂಬುದನ್ನು ಈಗ ಹೇಳಬೇಕು.

ನನ್ನ ತಪ್ಪು

ನನಗಾಗ ಮೂವತ್ತರ ಆಸುಪಾಸು. ತಂದೆಯವರು ಹಾಸಿಗೆ ಹಿಡಿದು ಅಂಗಡಿ ನನ್ನ ಕೈಗೆ ಬಂದಿತ್ತು. ಆ ವರ್ಷ ಅರಿಷಿಣ ಒಣಗುವ ಹೊತ್ತಿಗೆ ಅಕಾಲ ಮಳೆಯಾಗಿ ಪೇಟೆಯ ಮಾಲೆಲ್ಲ ಕಪ್ಪು ತಿರುಗಿತ್ತು. ಗಿರಾಕಿಗಳು "ಸಾವಕಾರ್ರ, ಇದೇನ ಮಣ್ಣ ಮಾರಾಕ ಹತ್ತೀರಿ?" ಎಂದು ತಿರುಗಿ ಹೋಗುತ್ತಿದ್ದರು. ಅಷ್ಟರಲ್ಲಿ ಒಬ್ಬ ದಲಾಲಿ ಬಂದು "ಬಣ್ಣ ಕೊಟ್ಟ ಪಾಲಿಶ್ ಮಾಲು ಐತಿ, ಬೇಕೇನು?" ಎಂದ. ನಮೂನೆ ತೋರಿಸಿದ, ನಿಂಬೆಹಣ್ಣಿನಂಥ ಕೊಂಬು. ಯಾವ ಬಣ್ಣ ಎಂದು ನಾನು ಕೇಳಲಿಲ್ಲ. ಕೇಳಬಾರದೆಂದೇ ಕೇಳಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಎಂಟು ಚೀಲ ತರಿಸಿದೆ. ಹದಿನೈದು ದಿನದಲ್ಲಿ ಐದು ಚೀಲ ಖಾಲಿಯಾದವು.

ಅದೇ ಕಾಲಕ್ಕೆ ನಮ್ಮ ಮನೆಯಲ್ಲಿ ಬಾಣಂತನ ನಡೆದಿತ್ತು, ಎರಡನೆಯ ಮಗ ಹುಟ್ಟಿದ್ದ. ನಮ್ಮ ಅವ್ವ ಕೂಸಿಗೆ ಹಚ್ಚಲು ಅರಿಷಿಣ ಕುಟ್ಟಬೇಕೆಂದು ಅಂಗಡಿಯಿಂದ ಕೊಂಬು ತರಿಸಿ ತೊಳೆದಳು. ತೊಳೆದ ನೀರು ತಕ್ಷಣ ಹಳದಿಯಾಯಿತು, ತಳದಲ್ಲಿ ಹಳದಿ ಗಸಿ ಕೂತಿತು, ಕೊಂಬು ಮಾತ್ರ ಕಪ್ಪಗೆ ಹೊರಬಂತು. ಅವ್ವ ಏನೂ ಅನ್ನಲಿಲ್ಲ. ಆ ಗಸಿಯನ್ನು ಒಂದು ಬಿಳಿ ಅರಿವೆಗೆ ಒರಸಿ ಮಾಳಿಗೆಯ ಮೇಲೆ ನಾಲ್ಕು ದಿನ ಬಿಸಿಲಿಗೆ ಹಾಕಿದಳು. ಐದನೆಯ ದಿನ ಅರಿವೆಯನ್ನು ನನ್ನ ಗಾದಿಯ ಮೇಲೆ ತಂದಿಟ್ಟಳು. ಕಲೆ ಹಾಗೆಯೇ ಇತ್ತು. "ಬಿಸಿಲಿಗೆ ಹೋಗದ್ದು ಅರಿಷಿಣ ಅಲ್ಲಪ್ಪಾ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಕೂಸಿಗೆ ಬ್ಯಾಡಾದದ್ದು ಊರ ಕೂಸಿಗೆ ಹೆಂಗ ಕೊಡತಿ?" ಎಂದು ಕೇಳಿದಳು.

ಉಳಿದ ಮೂರು ಚೀಲಗಳನ್ನು ದಲಾಲಿಗೆ ವಾಪಸು ಕಳಿಸಿದೆ, ದುಡ್ಡು ತಿರುಗಿ ಬಂತು. ಆ ಚೀಲಗಳು ಬೇರೆ ಯಾವುದೋ ಊರಿನ ಅಂಗಡಿಗೆ ಹೋಗಿರಬೇಕು, ಅದನ್ನು ನಾನು ವಿಚಾರಿಸಲಿಲ್ಲ. ಮಾರಿಹೋದ ಐದು ಚೀಲದ ಬಗ್ಗೆ ಒಬ್ಬ ಗಿರಾಕಿಗೂ ಬಾಯಿ ಬಿಡಲಿಲ್ಲ. ಅಂಗಡಿಯ ಹೆಸರು ಹೋಗುತ್ತದೆ ಎಂಬ ಅಂಜಿಕೆ. ಅದು ಯಾವ ಬಣ್ಣವೆಂದು ಪರೀಕ್ಷೆಯನ್ನೂ ಮಾಡಿಸಲಿಲ್ಲ.

ಮುಂದೊಂದು ಚಾತುರ್ಮಾಸದಲ್ಲಿ ಮುನಿ ಮಹಾರಾಜರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುವಾಗ ಅಚೌರ್ಯ ಅಣುವ್ರತದ ಐದು ಅತಿಚಾರಗಳನ್ನು ಬಿಡಿಸಿದರು. ಕಡೆಯದು ಪ್ರತಿರೂಪಕ ವ್ಯವಹಾರ. ಒಳ್ಳೆಯ ವಸ್ತುವಿನಂತೆಯೇ ಕಾಣುವ ಕೀಳು ವಸ್ತುವನ್ನು ಬೆರೆಸಿ ಮಾರುವುದು, ಅದೂ ಕಳ್ಳತನದ ಜಾತಿಯದೇ. ಬಸದಿಯ ಕಂಬಕ್ಕೆ ಒರಗಿ ಕೂತಿದ್ದ ನನಗೆ ಆ ದಿನ ತಲೆ ಎತ್ತಲಾಗಲಿಲ್ಲ.

ಬಣ್ಣದೊಳಗಿನ ಸೀಸ

ಆಗ ಅದನ್ನು ಮೋಸ ಎಂದಷ್ಟೇ ತಿಳಿದಿದ್ದೆ. ವಿಷವೂ ಇರಬಹುದೆಂದು ತಿಳಿದದ್ದು ಈಚೆಗೆ. ಅರಿಷಿಣಕ್ಕೆ ಬಳಿಯುವ ಬಣ್ಣಗಳಲ್ಲಿ ಬಹಳ ಕೆಟ್ಟದ್ದು ಲೆಡ್ ಕ್ರೋಮೇಟ್, ಪೇಂಟಿನವರು ಕ್ರೋಮ್ ಹಳದಿ ಎನ್ನುವ ಪುಡಿ. ಅದರಲ್ಲಿ ಸೀಸವಿದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿಸುತ್ತದೆ. ಬಸಿರಿಯ ಮೈಯಿಂದ ಹೊಟ್ಟೆಯ ಕೂಸಿಗೂ ದಾಟುತ್ತದೆ. ದೊಡ್ಡವರಿಗೆ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ತರುತ್ತದೆ. ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನೆರೆಯ ಬಾಂಗ್ಲಾದೇಶದ ಕಥೆ ಓದಿದಾಗ ನನ್ನ ಕಥೆಯನ್ನೇ ಓದಿದಂತಾಯಿತು. ಅಲ್ಲಿ 1980ರ ದಶಕದಲ್ಲಿ ಪ್ರವಾಹ ಬಂದು ಅರಿಷಿಣ ಮಬ್ಬಾಯಿತು. ಗಿರಾಕಿಗೆ ಹಳದಿ ಬೇಕು, ವ್ಯಾಪಾರಿಗಳು ಪಾಲಿಶ್ ಮಾಡುವಾಗ ಕ್ರೋಮ್ ಹಳದಿ ಹಾಕತೊಡಗಿದರು. ಪ್ರವಾಹ ಇಳಿಯಿತು, ಚಟ ಉಳಿಯಿತು. ಹಳ್ಳಿಯ ಬಸಿರಿಯರ ರಕ್ತದಲ್ಲಿ ಸೀಸ ಎಲ್ಲಿಂದ ಬಂತೆಂದು ಹುಡುಕಿದ ಸಂಶೋಧಕರು ಕಡೆಗೆ ಬಂದು ನಿಂತದ್ದು ಅರಿಷಿಣದ ಡಬ್ಬಿಯ ಮುಂದೆ. 2019ರಲ್ಲಿ ಇದು ಪ್ರಕಟವಾದ ಮೇಲೆ ಅಲ್ಲಿಯ ಸರಕಾರ ಪೇಟೆಗಳಲ್ಲಿ ತಪಾಸಣೆ ನಡೆಸಿತು, ದಂಡ ಹಾಕಿತು, ಜನರಿಗೆ ತಿಳಿಹೇಳಿತು. ಪೇಟೆಯಲ್ಲಿ ಪರೀಕ್ಷಿಸಿದ ಮಾಲಿನಲ್ಲಿ ಸೀಸವಿದ್ದುದು 2019ರಲ್ಲಿ ನೂರಕ್ಕೆ 47, 2021ರ ಹೊತ್ತಿಗೆ ಸೊನ್ನೆ. ಎರಡು ವರ್ಷದಲ್ಲಿ ಆಗುವ ಕೆಲಸ ಇದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮಲ್ಲಿ ಎಲ್ಲ ಸರಿ ಇದೆ ಎನ್ನುವಂತಿಲ್ಲ. ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾದ 23 ಪಟ್ಟಣಗಳಿಂದ ತಂದ 356 ನಮೂನೆಗಳ ಪರೀಕ್ಷೆಯ ವರದಿ 2024ರಲ್ಲಿ ಬಂತು. ಸುಮಾರು ನೂರಕ್ಕೆ 14ರಲ್ಲಿ ಸೀಸ ಹೆಚ್ಚಾಗಿ ಕಂಡಿತು, ಪಾಟ್ನಾ ಮತ್ತು ಕರಾಚಿಯ ಕೆಲವು ನಮೂನೆಗಳಲ್ಲಿ ವಿಪರೀತ. ನಮ್ಮ ದೇಶದ ಕಾನೂನಿನಲ್ಲಿ ಅರಿಷಿಣಕ್ಕೆ ಲೆಡ್ ಕ್ರೋಮೇಟ್ ಸುತರಾಂ ನಿಷಿದ್ಧ.

ತಾಯಂದಿರಿಗೆ ನಾಲ್ಕು ಮಾತು

ಒಂದು, ಕೊಂಬು ಕೊಳ್ಳುವವರು ಒಂದೆರಡು ಕೊಂಬನ್ನು ಗಾಜಿನ ಲೋಟದ ನೀರಿನಲ್ಲಿ ಹಾಕಿ ನೋಡಿರಿ. ನೀರು ತಕ್ಷಣ ಕಡುಹಳದಿಯಾಗಿ ಕೊಂಬಿನ ಮೈ ಬೋಳಾದರೆ ಅದು ಬಳಿದ ಬಣ್ಣ.

ಎರಡು, ಪುಡಿಯನ್ನು ಒಂದು ಚಮಚ ನೀರಿಗೆ ಹಾಕಿ ಕಲಕದೆ ಬಿಡಿರಿ. ಒಳ್ಳೆಯದು ತಳಕ್ಕೆ ಇಳಿಯುತ್ತ ನೀರನ್ನು ತಿಳಿಹಳದಿ ಮಾಡುತ್ತದೆ. ನೀರೆಲ್ಲ ಗಾಢ ಹಳದಿಯಾದರೆ ಸಂಶಯ ಪಡಿರಿ.

ಮೂರು, ಅವ್ವನ ಅರಿವೆಯ ಪರೀಕ್ಷೆ. ಬಿಸಿಲಿಗೆ ಮಾಸದ ಕಲೆ ಇದ್ದರೆ ಆ ಮಾಲು ಬೇಡ. ಆದರೆ ಈ ಮೂರೂ ಮನೆಮಟ್ಟಿನ ಪರೀಕ್ಷೆ. ಸ್ವಲ್ಪ ಬೆರಕೆ ಇದ್ದರೆ ಇವುಗಳಿಗೆ ಸಿಗಲಿಕ್ಕಿಲ್ಲ, ಖಾತ್ರಿಯಾಗಬೇಕಾದರೆ ಪ್ರಯೋಗಾಲಯಕ್ಕೇ ಕಳಿಸಬೇಕು. ಆಮ್ಲ ಹಾಕಿ ನೋಡುವ ಪರೀಕ್ಷೆಯೂ ಅವರ ಕೆಲಸ, ಮಕ್ಕಳಿರುವ ಮನೆಯಲ್ಲಿ ಆಮ್ಲದ ಶೀಶೆ ತರಬೇಡಿರಿ.

ನಾಲ್ಕು, ಇದು ಎಲ್ಲಕ್ಕಿಂತ ಮುಖ್ಯ. ಮಬ್ಬು ಅರಿಷಿಣ ಕಂಡು ಮೂಗು ಮುರಿಯಬೇಡಿರಿ. ನೀವು ಝಗಝಗ ಕೇಳುವವರೆಗೆ ಅದನ್ನು ಮಾಡಿಕೊಡುವ ಜನ ಇದ್ದೇ ಇರುತ್ತಾರೆ. ಮುರಿದು ನೋಡಿರಿ, ಒಳಗಿನ ಬಣ್ಣ ನೋಡಿರಿ, ಮೂಸಿರಿ. ಬಳಿದ ಬಣ್ಣಕ್ಕೆ ವಾಸನೆ ಇರುವುದಿಲ್ಲ.

ವ್ಯಾಪಾರಿ ಬಂಧುಗಳಿಗೂ ಒಂದು ವಿನಂತಿ. ದಲಾಲಿ ನಮೂನೆ ತೋರಿಸಿದಾಗ "ಯಾವ ಬಣ್ಣ?" ಎಂದು ಕೇಳಿರಿ. ಆ ಒಂದು ಪ್ರಶ್ನೆ ನಾನು ಕೇಳಿದ್ದರೆ ಈ ಲೇಖನದ ಅರ್ಧ ಭಾಗ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಈಗ ನಮ್ಮ ಅಂಗಡಿಯಲ್ಲಿ ಪಾಲಿಶ್ ಕಡಿಮೆ ಇರುವ ಕೊಂಬನ್ನು ತಂದು, ತೊಳೆದು ಒಣಗಿಸಿ ಬೀಸುತ್ತೇವೆ. ಡಬ್ಬಿಯ ಮೇಲೆ ಮೊಮ್ಮಗಳು "ಬಣ್ಣ ಹಾಕಿಲ್ಲ, ಅದಕ್ಕೆ ಮಬ್ಬು" ಎಂದು ಚೀಟಿ ಅಂಟಿಸಿದ್ದಾಳೆ. ಓದಿ ನಗುವವರೇ ಹೆಚ್ಚು, ಕೊಳ್ಳುವವರು ಕಡಿಮೆ. ಅರಿಷಿಣದ ವ್ಯಾಪಾರ ಮೊದಲಿನಷ್ಟಿಲ್ಲ. ಮಗ ಒಮ್ಮೊಮ್ಮೆ ಲೆಕ್ಕ ತೋರಿಸಿ ಗೊಣಗುತ್ತಾನೆ. ಅವ್ವ ಅರಿಷಿಣ ತೊಳೆದದ್ದು ಅವನಿಗಾಗಿಯೇ ಎಂದು ಹೇಳಿದ ದಿನ ಸುಮ್ಮನಾದ.

ಆ ವರ್ಷ ನಮ್ಮ ಅಂಗಡಿಯಿಂದ ಆ ಐದು ಚೀಲದ ಅರಿಷಿಣ ಒಯ್ದ ಮನೆಗಳಲ್ಲಿ ಈ ಮಾಸಿಕ ತರಿಸುವವರೂ ಇದ್ದಾರೆ. ಅವರೆಲ್ಲರಿಗೆ ಕೈ ಮುಗಿದು ಉತ್ತಮ ಕ್ಷಮಾ ಬೇಡುತ್ತೇನೆ. ಪರ್ಯೂಷಣದಲ್ಲಿ ವರ್ಷ ವರ್ಷವೂ ಎಲ್ಲರನ್ನೂ ಒಟ್ಟಾಗಿ ಕೇಳಿದ್ದೆ, ಯಾತಕ್ಕಾಗಿ ಎಂದು ಹೇಳಿರಲಿಲ್ಲ. ಈಗ ಹೇಳಿದ್ದೇನೆ.

ಅಕ್ಕಲಕೋಟೆಯ ತಂಗಿಯವರು ಸೆರಗನ್ನು ಬಿಸಿಲಿಗೆ ಹಾಕಿ ಏನಾಯಿತೆಂದು ಒಂದು ಕಾಗದ ಬರೆಯಲಿ. ಕಲೆ ಹೋದರೆ ಸೀರೆಯೂ ಉಳಿಯಿತು, ಅವರ ಡಬ್ಬಿಯ ಅರಿಷಿಣಕ್ಕೂ ಒಂದು ಪರೀಕ್ಷೆಯಾಯಿತು. ಬರುವ ತಿಂಗಳು ಜೀರಿಗೆಯ ಮಾತು.